ಮುಟ್ಟುವುದನ್ನು ಬಿಡಬೇಡ

ಚಿ. ಸೌ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಕಾಗದ ತಲುಪಿತು. ಮಿಕ್ಕ ವಿಷಯಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಕೊನೆಗೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀಯಲ್ಲ, "ಗುಡುಗಿದ ರಾತ್ರಿಯಿಂದ ಇಂಟರ್ನೆಟ್ ಇಲ್ಲ, ನಾನೇ ಏನೋ ಒತ್ತಿ ಕೆಡಿಸಿದೆ ಅಂತಾರೆ, ಇನ್ನು ಕಂಪ್ಯೂಟರ್ ಮುಟ್ಟಲ್ಲ" ಅಂತ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಒತ್ತಿದ್ದಕ್ಕೆ ಲೈನು ಹೋಗುವುದಿಲ್ಲ ಕಣೇ. ಗೋಡೆಯ ಬಿಳಿ ಡಬ್ಬಿಯಲ್ಲಿ ಎಲ್‌ಒಎಸ್ ಅಂತಿರುವ ದೀಪ ಕೆಂಪಗೆ ಮಿಣುಕುತ್ತಿದೆಯಾ? ಹಾಗಿದ್ದರೆ ಫೈಬರಿನ ಬೆಳಕೇ ಮನೆವರೆಗೆ ಬರುತ್ತಿಲ್ಲ. ಹೊರಗೆಲ್ಲೋ ಕೊಂಬೆ ಬಿದ್ದು ತುಂಡಾಗಿರಬೇಕು, ಇಲ್ಲವೇ ಡಬ್ಬಿಯ ಹಿಂದಿನ ತೆಳು ವೈರು ಮಡಚಿಕೊಂಡಿರಬೇಕು. ಅದರೊಳಗಿರುವುದು ಕೂದಲೆಳೆಯಂಥ ಗಾಜು, ತೀರಾ ಮಡಚಿದರೆ ಬೆಳಕು ಸೋರಿಹೋಗುತ್ತದೆ. ನಿನ್ನ ಬೆರಳು ಏನು ಮಾಡೀತು?

2005ರಲ್ಲಿ ಬಿಎಸ್‌ಎನ್‌ಎಲ್‌ನ ಇಂಟರ್ನೆಟ್ ಡೇಟಾಒನ್ ಬಂದಾಗ ಎಲ್ಲ ತಾಮ್ರದ ತಂತಿ. ಮಳೆ ಹಿಡಿಯಿತೆಂದರೆ ಜಾಯಿಂಟಿಗೆ ನೀರಿಳಿದು ಕಿಲುಬು ಕಟ್ಟುತ್ತಿತ್ತು, ಲೈನು ಇದೆಯೆಂದು ತೋರಿಸುವ ಡಿಎಸ್‌ಎಲ್ ದೀಪ ಹತ್ತುತ್ತಿತ್ತು, ಆರುತ್ತಿತ್ತು. ನಾನು ಕಂಬ ಹತ್ತುವ ಮುಂಚೆಯೇ ಮನೆಯವರು "ಹುಡುಗಿ ಏನೋ ಮಾಡಿಟ್ಟಳು" ಅನ್ನುತ್ತಿದ್ದರು. ಇಳಿಯುವಾಗ ಕೈಯೆಲ್ಲ ಹಸಿರು ಕಿಲುಬು.

ನಿನಗೆ ಗೊತ್ತಿರಲಿಕ್ಕಿಲ್ಲ, ನಿಮ್ಮಮ್ಮ ಫೋನು ಬಿಟ್ಟಿದ್ದೂ ಹೀಗೇ. ಲೈನು ಸತ್ತ ದಿನ ಕೊನೆಗೆ ಮಾತಾಡಿದವಳು ಅವಳು, ಅಷ್ಟೇ. ಆಮೇಲೆ ಗಂಟೆ ಹೊಡೆದರೆ ಯಾರನ್ನಾದರೂ ಕೂಗುತ್ತಿದ್ದಳು, ತಾನು ಎತ್ತುತ್ತಿರಲಿಲ್ಲ. ನಾನಾಗ ವರ್ಗವಾಗಿ ದೂರದೂರಿನಲ್ಲಿದ್ದೆ. ಊರೆಲ್ಲರ ಲೈನು ನೋಡಿದವನಿಗೆ ಅಕ್ಕನ ದನಿ ಫೋನಿನಲ್ಲಿ ಕೇಳುವ ಭಾಗ್ಯ ಸಿಗಲಿಲ್ಲ. ಈಗಲೂ ಸಂಕಟವಾಗುತ್ತದೆ. ಅದಕ್ಕೇ ನಿನ್ನ "ಮುಟ್ಟಲ್ಲ" ನನಗೆ ಸಣ್ಣ ಮಾತಲ್ಲ.

ಕೆಂಪು ದೀಪ ಇಲ್ಲದೆ ಅದೇ ಡಬ್ಬಿಯ ಪಾನ್ (PON) ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬರುತ್ತಿದೆ ಅಂತ, ಆಗ ಡಬ್ಬಿ, ಕಂಪ್ಯೂಟರ್ ಎರಡನ್ನೂ ಆರಿಸಿ ಹಚ್ಚು. ಕಂಪ್ಯೂಟರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಅಂಕಿ, 169.254ರಿಂದ ಶುರುವಾಗಿದ್ದರೆ ಡಬ್ಬಿಯಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ, ಕೇಬಲ್ ಬದಲಿಸಿ ನೋಡು. ಸಿಡಿಲಿಗೆ ಆ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಸುಟ್ಟಿರಲೂಬಹುದು, ವೈಫೈಯಲ್ಲಿ ಬರುತ್ತದೋ ಏನೋ. ಕಾಗದದಲ್ಲಿ ಹೇಳಿದರೆ ಎಷ್ಟು ತಿಳಿಯುತ್ತದೋ, ಬೇಜಾರು ಮಾಡಿಕೊಳ್ಳಬೇಡ. ರಿಸೆಟ್ ತೂತಿಗೆ ಮಾತ್ರ ಯಾರೂ ಪಿನ್ನು ಹಾಕುವುದು ಬೇಡ, ಒಳಗಿರುವ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗುತ್ತದೆ.

ದೂರು ಕೊಡುವಾಗ ಗಂಡನ ಕೈಗೆ ಫೋನು ಕೊಡಬೇಡ, ನೀನೇ ಮಾತಾಡು. ದೀಪದ ಬಣ್ಣ ಹೇಳು, ದೂರಿನ ನಂಬರ್ ಬರೆದುಕೋ. ಲೈನ್‌ಮನ್ ಬಂದಾಗ ಪಕ್ಕದಲ್ಲೇ ನಿಂತಿರು. ತಪ್ಪು ಎಲ್ಲಿತ್ತು ಅಂತ ಮನೆಯವರೆಲ್ಲರ ಎದುರಿಗೇ ಕೇಳು. ಅವನು ಏನಂದ ಅಂತ ನನಗೆ ಬರೆ.

ಇತಿ,
ನಿನ್ನ ಮಾವ