ಯುಗಾದಿಗೆ ಮುಂಚೆ ಬರುವ ಹಳದಿ ಪುಡಿ

ಆತ್ಮೀಯ ಓದುಗರೇ,

ಹೋದ ವರ್ಷ ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿದ್ದೆವು. ಸಂಜೆಗೆ ನೋಡಿದರೆ ಬಿಳಿ ಎಳೆಗಳೆಲ್ಲ ಹಳದಿ. ಊರಿಂದ ಬಂದಿದ್ದ ಅಮ್ಮ "ಅರಿಸಿನ ಯಾರು ಚೆಲ್ಲಿದ್ದು?" ಅಂತ ಕೇಳಿದರು. ಅದು ಪೈನ್ ಮರದ ಪರಾಗ. ಆ ದಿನ, ಅಂದರೆ 2025ರ ಮಾರ್ಚ್ 29ರಂದು, ನಮ್ಮ ಅಟ್ಲಾಂಟಾದ ಪರಾಗದ ಲೆಕ್ಕ ಒಂದು ಘನ ಮೀಟರ್ ಗಾಳಿಗೆ 14,801 ಕಣ! ಇಲ್ಲಿ ಹಿಂದೆಂದೂ ಅಷ್ಟು ದಾಖಲಾಗಿರಲಿಲ್ಲ. 1,500 ದಾಟಿದರೇ ವಿಪರೀತ ಅನ್ನುತ್ತಾರೆ.

ನಿಜವಾಗಿ ಕಾಟ ಕೊಡುವುದು ಈ ಹಳದಿ ಪುಡಿಯಲ್ಲ. ಪೈನ್ ಕಣ ದಪ್ಪ, ಅದರಿಂದ ಅಲರ್ಜಿ ಕಡಿಮೆ. ಅದೇ ಹೊತ್ತಿಗೆ ಉದುರುವ ಓಕ್, ಬರ್ಚ್ ಮರಗಳ ಕಣ್ಣಿಗೆ ಕಾಣದ ಪರಾಗದಿಂದಲೇ ಸೀನು, ಕಣ್ಣುತುರಿಕೆ ಜಾಸ್ತಿ.

"ಬೆಂಗಳೂರಲ್ಲಿ ನನಗೆ ಇದೆಲ್ಲ ಇರಲೇ ಇಲ್ಲ" ಅನ್ನುವವರು ನಮ್ಮಲ್ಲಿ ಬಹಳ. ನಿಜ. ಇಲ್ಲಿಗೆ ಬಂದು ಒಂದೆರಡು ವರ್ಷ ಆರಾಮಾಗಿದ್ದು, ಆಮೇಲೆ ಶುರುವಾಗುವುದೇ ಹೆಚ್ಚು. ನೆಗಡಿ ಅಂದುಕೊಂಡು ಸುಮ್ನೆ ಕಷಾಯ ಕುಡಿಯುತ್ತಾ ಕೂರುತ್ತೇವೆ. ಜ್ವರ ಇಲ್ಲ, ಕಣ್ಣು ತುರಿಸುತ್ತದೆ, ಎರಡು ವಾರವಾದರೂ ಬಿಡಲಿಲ್ಲ ಅಂದರೆ ಅಲರ್ಜಿ ಇರಬಹುದು, ತೋರಿಸಿಕೊಳ್ಳಿ. ಉಬ್ಬಸ ಬಂದರಂತೂ ತಡಮಾಡಬೇಡಿ.

ಈ ಸಲ ಯುಗಾದಿ ಮಾರ್ಚ್ 19ಕ್ಕೆ. ಅದಕ್ಕೇ ಫೆಬ್ರವರಿ ಸಂಚಿಕೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಲರ್ಜಿಗೆ ಮೂಗಿಗೆ ಹಾಕುವ ಫ್ಲುಟಿಕಾಸೋನ್ ಎಂಬ ಔಷಧದ ಸ್ಪ್ರೇ ತಲೆನೋವಿನ ಮಾತ್ರೆಯ ಹಾಗೆ ಕೂಡಲೇ ಕೆಲಸ ಮಾಡುವುದಿಲ್ಲ. ದಿನಾ ಹಾಕಬೇಕು, ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಕಾಟ ಶುರುವಾಗುವ ಎರಡು ವಾರ ಮೊದಲೇ ಹಿಡಿಯುವುದು ಒಳ್ಳೆಯದು. ತಲೆ ತುಸು ಬಗ್ಗಿಸಿ, ಸ್ಪ್ರೇ ತುದಿಯನ್ನು ಆಯಾ ಬದಿಯ ಕಿವಿಯ ಕಡೆಗೆ ತಿರುಗಿಸಿ ಹಾಕಿ. ನೆಟ್ಟಗೆ ಮೂಗಿನ ಒಳಗಿನ ನಡುಗೋಡೆಗೆ ಹೊಡೆದರೆ ಮೂಗಿನಿಂದ ರಕ್ತ ಬರುವುದುಂಟು.

ಜಲನೇತಿ, ಅಂದರೆ ಮೂಗಿನೊಳಗೆ ನೀರು ಹಾಯಿಸಿ ತೊಳೆಯುವುದು, ಮಾಡುವವರಿಗೆ ಒಂದು ಮಾತು. ದಯವಿಟ್ಟು ನಲ್ಲಿ ನೀರು ಬೇಡ. 2011ರಲ್ಲಿ ಲೂಯಿಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಮೆದುಳಿಗೆ ಅಮೀಬಾ ತಗುಲಿ ತೀರಿಕೊಂಡರು. ಕುಡಿದರೆ ಏನೂ ಮಾಡದ ನೀರು ಅದು. ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ ನೀರು, ಇಲ್ಲವೇ ಡಿಸ್ಟಿಲ್ಡ್ ನೀರನ್ನೇ ಬಳಸಿ.

ಊರಿಂದ ಬಂದಿರುವ ಅಪ್ಪ-ಅಮ್ಮಂದಿರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೆಸರಿನ ಕೊನೆಗೆ 'ಡಿ' ಇರುವ ಅಲರ್ಜಿ ಮಾತ್ರೆ ಬಿ.ಪಿ. ಏರಿಸಬಲ್ಲದು. ಬೆನಡ್ರಿಲ್ ಎಂಬ ಅಲರ್ಜಿ ಮಾತ್ರೆ ವಯಸ್ಸಾದವರಿಗೆ ಮಂಪರು ತರಿಸುತ್ತದೆ, ರಾತ್ರಿ ಎದ್ದಾಗ ಬೀಳುವ ಭಯ. ಡಾಕ್ಟರನ್ನೋ ಫಾರ್ಮಸಿಯವರನ್ನೋ ಕೇಳಿಯೇ ಕೊಡಿ. ಅಮ್ಮ ಡೆಕ್ ಮೇಲೆ ಸೀರೆ ಒಣಹಾಕುತ್ತಿದ್ದರು. ಮಡಿಸುವಾಗ ಅದರಲ್ಲಿದ್ದ ಪರಾಗವೆಲ್ಲ ಅವರ ಮೂಗಿಗೇ. ಈಗ ಏಪ್ರಿಲ್ ಮುಗಿಯುವವರೆಗೆ ಒಳಗೇ ಒಣಗಿಸುತ್ತೇವೆ.

ವರ್ಷವಿಡೀ ಬೆಳಿಗ್ಗೆ ಏಳುತ್ತಲೇ ಮೂಗು ಕಟ್ಟಿರುತ್ತದೆಯೇ? ಹಾಸಿಗೆ ದಿಂಬಿನಲ್ಲಿರುವ, ಕಣ್ಣಿಗೆ ಕಾಣದ ಧೂಳುನುಸಿ ಕಾರಣ ಇರಬಹುದು. ಹೊದಿಕೆಗಳನ್ನು ವಾರಕ್ಕೊಮ್ಮೆ 130 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ನೀರಿನಲ್ಲಿ ಒಗೆಯಬೇಕು. ಅಜ್ಜಿ ಹೊಲಿದ ಕೌದಿ ಅಷ್ಟು ಬಿಸಿ ತಡೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಈಗ ಮಂಚದ ಮೇಲಿಲ್ಲ, ಹಜಾರದ ಗೋಡೆಯ ಮೇಲಿದೆ.