ಹಳೇ ಫೋಟೊ ಸಿಡಿ ಓಪನ್ ಆಗಲಿಲ್ಲ ಅಂತ ಎಸೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಭಾಗದಲ್ಲಿ ಮನೆ ಬದಲಿಸುವಾಗ, ಹಬ್ಬಕ್ಕೆ ಮನೆ ತೊಳೆಯುವಾಗ ಹಳೇ ಸಿಡಿಗಳೆಲ್ಲ ಸೀದಾ ಗುಜರಿಗೆ ಹೋಗುತ್ತವೆ. ಅದರಲ್ಲಿ ಬಂಗಾರದ ಬಣ್ಣದ ಸಿಡಿ ಇದ್ದರೆ, ಒಳಗೆ ಪಿಸಿಡಿ ಅಂತ ಹೆಸರು ಮುಗಿಯುವ ಫೈಲುಗಳಿದ್ದರೆ, ದಯವಿಟ್ಟು ಒಂದು ಗಳಿಗೆ ತಡೆಯಿರಿ. ಆ ಫೋಟೊಗಳು ಬಹಳ ಸಲ ಚೆನ್ನಾಗಿಯೇ ಇರುತ್ತವೆ. ತೆರೆಯುವ ಸಾಫ್ಟ್‌ವೇರ್ ನಮ್ಮ ಹತ್ತಿರ ಇರುವುದಿಲ್ಲ, ಅಷ್ಟೇ. ಇದನ್ನು ನಾಲ್ಕು ಜನಕ್ಕೆ ತಿಳಿಸಬೇಕು ಅಂತಲೇ ಈ ಪತ್ರ.

ನಮ್ಮ ಕಾಕಾ 90ರ ದಶಕದಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಂಪಿ, ಆನೆಗೊಂದಿ, ಕಿನ್ನಾಳ ಅಂತ ತಿರುಗಿದವರು. ರೀಲು ತೊಳೆಸಿ, ಬೆಂಗಳೂರಿನ ಲ್ಯಾಬಿಗೆ ಕೊಟ್ಟು ಸಿಡಿ ಮಾಡಿಸಿದ್ದರು. ನೆಗೆಟಿವ್‌ಗಳು ಮಳೆನೀರಿಗೆ ಸಿಕ್ಕಿ ಒಂದಕ್ಕೊಂದು ಅಂಟಿ ಹೋದವು, ಉಳಿದದ್ದು ಸಿಡಿ ಮಾತ್ರ. ಸ್ಟುಡಿಯೊದಲ್ಲಿ ಹಾಕಿ ನೋಡಿದವರು, "ಇದು ಕರಪ್ಟ್ ಆಗೇದ್ರಿ, ಬಿಟ್‌ಬಿಡ್ರಿ" ಅಂದರು. ಪಾಪ, ಅವರದೇನೂ ತಪ್ಪಿಲ್ಲ. ವಿಂಡೋಸ್‌ನಲ್ಲಿ ಬರುವ ಫೋಟೊ ಆ್ಯಪ್ ಇದನ್ನು ತೆರೆಯುವುದಿಲ್ಲ, ಮೊಬೈಲಂತೂ ಮೊದಲೇ ಇಲ್ಲ.

ಇದು ಕೊಡಾಕ್ ಕಂಪನಿಯ ಫೋಟೊ ಸಿಡಿ. 1990ರಲ್ಲಿ ಘೋಷಿಸಿ 1992ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಒಂದು ಸಿಡಿಯಲ್ಲಿ ಸುಮಾರು 100 ಫೋಟೊ, ಟಿವಿಯಲ್ಲೂ ನೋಡಬಹುದು ಅನ್ನೋದು ಆಗಿನ ಪ್ರಚಾರ. ಆಮೇಲೆ ಜೆಪೆಗ್ (ಜೆಪಿಜಿ ಅಂತ ಹೆಸರು ಮುಗಿಯುವ ಮಾಮೂಲಿ ಫೋಟೊ ಫೈಲು) ಎಲ್ಲಾ ಕಡೆ ಬಂತು, ಡಿಜಿಟಲ್ ಕ್ಯಾಮೆರಾ ಬಂತು, 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕುವ ಮಟ್ಟಕ್ಕೆ ಹೋಯಿತು. ಫೈಲಿನ ಒಳಗುಟ್ಟನ್ನು ಕಂಪನಿ ಎಂದೂ ಪೂರ್ತಿ ಬಿಟ್ಟುಕೊಡಲಿಲ್ಲ. ಹೊರಗಿನವರು ತಾವೇ ಬಿಡಿಸಿ ನೋಡಿ ಸಾಫ್ಟ್‌ವೇರ್ ಬರೆದರು. ಇವತ್ತು ನಮ್ಮ ಕೆಲಸ ಆಗೋದು ಅವರಿಂದಲೇ.

ಈಗ ಮಾಡಬೇಕಾದ್ದು. ಮೊದಲು ಸಿಡಿಯನ್ನು ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಧೂಳಿದ್ದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ತಿರುಗಿಸಿ ತಿಕ್ಕಬೇಡಿ. ಮೇಲಿನ ಲೇಬಲ್ ಕಡೆ ಬಾಲ್‌ಪೆನ್ನಿನಲ್ಲಿ ಬರೆಯಲೂಬೇಡಿ, ಯಾಕಂದರೆ ಮಾಹಿತಿಯ ಪದರ ಆ ಲೇಬಲ್ಲಿನ ಕೆಳಗೇ ಇರುತ್ತದೆ, ಅಲ್ಲಿ ಗೀರು ಬಿದ್ದರೆ ಮುಗೀತು. ಫೋಟೊಗಳು "ಫೋಟೊ_ಸಿಡಿ" ಎಂಬ ಫೋಲ್ಡರಿನೊಳಗೆ "ಇಮೇಜಸ್" ಎಂಬಲ್ಲಿ ಇರುತ್ತವೆ.

ಫೈಲಿನ ಹೆಸರು ಬದಲಿಸಿ ಪಿಸಿಡಿ ತೆಗೆದು ಜೆಪಿಜಿ ಅಂತ ಹಾಕಿದರೆ ಏನೂ ಆಗುವುದಿಲ್ಲ. ಮನೆ ಮುಂದಿನ ಬೋರ್ಡು ಬದಲಿಸಿದರೆ ಒಳಗಿರುವವರು ಬದಲಾಗ್ತಾರಾ? ಇನ್ನೊಂದು ತೊಡಕೂ ಇದೆ. ಲೇಸರ್ ಸ್ಕ್ಯಾನರ್ ಬಳಸುವವರ ಪಾಯಿಂಟ್ ಕ್ಲೌಡ್ (ವಸ್ತುವಿನ ಆಕಾರವನ್ನು ಚುಕ್ಕೆಗಳಲ್ಲಿ ಅಳೆದಿಟ್ಟ) ಫೈಲಿಗೂ ಇದೇ ಪಿಸಿಡಿ ಹೆಸರಿದೆ. ಹಾಗಾಗಿ ನೆಟ್‌ನಲ್ಲಿ ಹುಡುಕಿ ಸಿಕ್ಕಿದ್ದನ್ನು ಇನ್‌ಸ್ಟಾಲ್ ಮಾಡಿದರೆ ನಮಗೆ ಬೇಡದ ಸಾಫ್ಟ್‌ವೇರ್ ಬಂದು ಕೂರುತ್ತದೆ. ಅನುಮಾನ ಇದ್ದರೆ ಫೈಲಿನ ಕಾಪಿಯೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಗೀಚು ಬರುತ್ತದೆ, ಹೆದರಬೇಡಿ. ಅದರಲ್ಲಿ "ಪಿಸಿಡಿ_ಐಪಿಐ" (PCD_IPI) ಎಂಬ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ. ಸಿಕ್ಕರೆ ಅದು ಕೊಡಾಕ್ ಫೋಟೊನೇ. ಬೇರೆ ಫೋಟೊ ಫೈಲುಗಳಲ್ಲಿ ಅವುಗಳದೇ ಗುರುತು ಶುರುವಿನಲ್ಲೇ ಇರುತ್ತದೆ, ಇದರಲ್ಲಿ 2048 ಬೈಟ್ ದಾಟಿದ ಮೇಲೆ ಬರುತ್ತದೆ. ಮೊದಲ ಸಾಲು ಮಾತ್ರ ನೋಡಿ ಹಾಳಾಗಿದೆ ಅಂದುಕೊಳ್ಳಬೇಡಿ.

ತೆರೆಯಲು ಇರ್ಫಾನ್‌ವ್ಯೂ ಎಂಬ ಸಾಫ್ಟ್‌ವೇರ್ ಸಾಕು. ಮನೆ ಬಳಕೆಗೆ ಪುಕ್ಕಟೆ. ಆದರೆ ಅದರ ಪ್ಲಗಿನ್‌ಗಳನ್ನು (ಜೊತೆಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್‌ಗಳನ್ನು) ಬೇರೆಯಾಗಿ ಹಾಕಿಕೊಳ್ಳಬೇಕು, ಬರೀ ಇರ್ಫಾನ್‌ವ್ಯೂ ಹಾಕಿ ಓಪನ್ ಆಗಲಿಲ್ಲ ಅಂದರೆ ಪ್ರಯೋಜನವಿಲ್ಲ. ಎಕ್ಸ್‌ಎನ್‌ವ್ಯೂ ಕೂಡ ತೆರೆಯುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಮುಂದಿನ ಮಾತು. ಒಂದೇ ಪಿಸಿಡಿ ಫೈಲಿನೊಳಗೆ ಅದೇ ಫೋಟೊ ಐದು ಅಳತೆಯಲ್ಲಿ ಇರುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳು ತಾವಾಗಿ ನಡುವಿನದನ್ನು, ಅಂದರೆ 768×512 ಅಳತೆಯದನ್ನು ತೋರಿಸಿ ಸುಮ್ಮನಾಗುತ್ತವೆ. ನೋಡುವವರು ಆಗಿನ ಕಾಲದ ಫೋಟೊ, ಇಷ್ಟೇ ಇರಬೇಕು ಅಂದುಕೊಂಡು ಅದನ್ನೇ ಜೆಪೆಗ್ ಮಾಡಿ ಸಿಡಿ ಎಸೆಯುತ್ತಾರೆ. ಒಳಗೆ 3072×2048 ಅಳತೆಯದು ಹಾಗೇ ಉಳಿದಿರುತ್ತದೆ! ಒಂದರಲ್ಲಿ 4 ಲಕ್ಷ ಚುಕ್ಕೆಯೂ ಇಲ್ಲ, ಇನ್ನೊಂದರಲ್ಲಿ ಸುಮಾರು 63 ಲಕ್ಷ. ಸೆಟ್ಟಿಂಗ್ಸ್‌ಗೆ ಹೋಗಿ ದೊಡ್ಡ ಅಳತೆಯನ್ನು ಆರಿಸಿಯೇ ಸೇವ್ ಮಾಡಿ. ಕಾಕಾನ ಒಂದು ಫೋಟೊದಲ್ಲಿ ತಳವಾರಘಟ್ಟದ ದಡಕ್ಕೆ ಹರಿಗೋಲು ಬಂದು ನಿಂತಿದೆ. ಚಿಕ್ಕ ಅಳತೆಯಲ್ಲಿ ಒಳಗೆ ಕೂತವರು ಬರೀ ಬಣ್ಣದ ಕಲೆ. ದೊಡ್ಡದರಲ್ಲಿ ಒಬ್ಬ ಮುದುಕಿಯ ಮೂಗುತಿ, ಪಕ್ಕದವನ ಕೈಯಲ್ಲಿರುವ ಸೈಕಲ್ ಹ್ಯಾಂಡಲ್, ಹುಟ್ಟು ಹಾಕುವವನ ಮೊಣಕೈಗೆ ಮೆತ್ತಿದ ಕೆಸರು ಎಲ್ಲ ಕಾಣುತ್ತದೆ.

ಬಣ್ಣದಲ್ಲೂ ಒಂದು ಪೇಚಿದೆ. ಕೊಡಾಕ್ ಈ ಫೈಲಿನಲ್ಲಿ ಮಾಮೂಲಿ ಬಿಳಿಗಿಂತ ಜಾಸ್ತಿ ಬೆಳಕನ್ನೂ ದಾಖಲಿಸಿದೆ. ಕೆಲವು ಕನ್ವರ್ಟರ್‌ಗಳು ಅದನ್ನು ಕತ್ತರಿಸಿಬಿಡುತ್ತವೆ. ವಿರೂಪಾಕ್ಷ ಗುಡಿಯ ಗೋಪುರ ಬಿಸಿಲಲ್ಲಿ ಬರೀ ಬಿಳಿ ಪಟ್ಟಿಯಾಗಿ ಬಂದರೆ ಫೋಟೊ ತೆಗೆದವರನ್ನು ದೂರಬೇಡಿ, ಪಿಸಿಡಿಟುಜೆಪೆಗ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಇನ್ನೊಮ್ಮೆ ತೆಗೆದು ನೋಡಿ. ಕಮಾಂಡ್ ಟೈಪ್ ಮಾಡಬೇಕಾಗುತ್ತದೆ, ಕಾಲೇಜು ಹುಡುಗರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಎಲ್ಲಾ ಆದ ಮೇಲೂ ಮೂಲ ಪಿಸಿಡಿ ಫೈಲುಗಳನ್ನು ಅಳಿಸಬೇಡಿ, ಜೆಪೆಗ್ ಜೊತೆಗೆ ಒಂದು ಟಿಫ್ (ಗುಣಮಟ್ಟ ಕಡಿಮೆಯಾಗದಂತೆ ಉಳಿಸುವ ಫೋಟೊ ಫೈಲು) ಕಾಪಿಯನ್ನೂ ಇಡಿ.

ಇಷ್ಟು ಹೇಳುತ್ತಿರುವುದಕ್ಕೆ ಕಾರಣವಿದೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು 2011ರಲ್ಲಿ ತೆರವು ಮಾಡಿದರು. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು. ಅದಕ್ಕೂ ಮೊದಲಿನ ಹಂಪಿ, ಆ ದಡ, ಆ ಜನ ಹೇಗಿದ್ದರು ಅನ್ನೋದು ಇಂಥ ಸಿಡಿಗಳಲ್ಲಿ ಇದ್ದರೆ ಉಂಟು. ಗಂಗಾವತಿ, ಹೊಸಪೇಟೆ, ಕೊಪ್ಪಳದ ಸ್ಟುಡಿಯೊದವರಲ್ಲಿ ನನ್ನದೊಂದು ವಿನಂತಿ: ಸಿಡಿ ಡ್ರೈವ್ ಇರುವ ಒಂದು ಹಳೇ ಕಂಪ್ಯೂಟರನ್ನು ಮಾರದೆ ಇಟ್ಟುಕೊಳ್ಳಿ, ಯಾರಾದರೂ ಪಿಸಿಡಿ ಫೈಲು ತಂದರೆ ತಗೊಳ್ಳುವ ದುಡ್ಡು ತಗೊಂಡೇ ಸರಿ, ದೊಡ್ಡ ಅಳತೆಯಲ್ಲಿ ತೆಗೆದುಕೊಡಿ. ಪತ್ರಿಕೆಯವರೂ ಓದುಗರ ಮನೆಯ ಇಂಥ ಹಳೇ ಫೋಟೊಗಳಿಗೆ ವಾರಕ್ಕೊಂದು ಸಲ ಸ್ವಲ್ಪ ಜಾಗ ಕೊಡಬಹುದಲ್ವಾ? ಕಾಕಾನವು ನಮ್ಮ ಹತ್ತಿರ ಸಿದ್ಧ ಇವೆ, ಕೇಳಿದರೆ ಕಳಿಸುತ್ತೇವೆ.

ಇಂತಿ,
ನಿಮ್ಮ ಓದುಗ
ಗಂಗಾವತಿ, ಕೊಪ್ಪಳ ಜಿಲ್ಲೆ