ಆಯಿಲ್ ಲೈಫ್ 100 ತೋರಿಸಿದರೆ ಸಾಕಾ?

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ತಪ್ಪು ಆಯಿಲ್ ಹಾಕಿ ಆಯಿಲ್ ಲೈಫ್ ರೀಸೆಟ್ ಮಾಡಿದ್ದರ ಬಗ್ಗೆ

ನಮಸ್ಕಾರ,

ಹೋದ ತಿಂಗಳು ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಕಾರಿನ ಆಯಿಲ್ ಚೇಂಜ್ ಮಾಡಿಸಿದೆ. ಮನೆಗೆ ಬಂದು ಬಿಲ್ ನೋಡಿದರೆ 15ಡಬ್ಲ್ಯೂ-40 ಮಿನರಲ್ ಆಯಿಲ್ ಅಂತಿದೆ. ನನ್ನ ಕಾರಿನ ಮ್ಯಾನುಯಲ್ ಹೇಳೋದು ಅದಕ್ಕಿಂತ ತೆಳುವಾದ 0ಡಬ್ಲ್ಯೂ-20 ಸಿಂಥೆಟಿಕ್. ಫೋನ್ ಮಾಡಿ ಕೇಳಿದ್ದಕ್ಕೆ ನಿಮ್ಮವರು, "ಸರ್, ಡಿಸ್‌ಪ್ಲೇಯಲ್ಲಿ ಆಯಿಲ್ ಲೈಫ್ 100 ಪರ್ಸೆಂಟ್ ತೋರಿಸ್ತಿದೆ ಅಲ್ವಾ? ಆಯಿಲ್ ಸರಿ ಇಲ್ಲದಿದ್ರೆ ಕಾರೇ ಹೇಳುತ್ತೆ ಬಿಡಿ" ಅಂದರು. ತಪ್ಪು ಡಬ್ಬಿ ಕೈಗೆ ಸಿಕ್ಕಿದ್ದನ್ನಾದರೂ ಕ್ಷಮಿಸಬಹುದಿತ್ತು, ಈ ಮಾತನ್ನಲ್ಲ.

ಕಾರು ಹೇಳಲ್ಲ ಸ್ವಾಮಿ. ಅದಕ್ಕೆ ಗೊತ್ತೇ ಇಲ್ಲ. ಆಯಿಲ್ ಲೈಫ್ ಅಂದರೆ ಆಯಿಲ್ಲಿನ ಆಯುಸ್ಸು ಇನ್ನೆಷ್ಟು ಪರ್ಸೆಂಟ್ ಉಳಿದಿದೆ ಅನ್ನೋ ಅಂಕಿ. ಇಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು, ತಣ್ಣಗಿದ್ದಾಗ ಎಷ್ಟು ಸಲ ಸ್ಟಾರ್ಟ್ ಆಯಿತು, ಬಿಸಿಯಾಗೋ ಮೊದಲೇ ಎಷ್ಟು ಸಲ ಆಫ್ ಆಯಿತು, ಇಂಥದ್ದನ್ನೆಲ್ಲ ಸೇರಿಸಿ ಕಂಪ್ಯೂಟರ್ ಹಾಕುವ ಒಂದು ಲೆಕ್ಕ ಅಷ್ಟೇ ಅದು, ಒಳಗಿರೋದು ಕಂಪನಿ ಹೇಳಿದ ಆಯಿಲ್ಲೇ ಅಂತ ನಂಬಿಕೊಂಡು ಹಾಕುವ ಲೆಕ್ಕ. ಆಯಿಲ್ಲಿನ ಗುಣವನ್ನೇ ಅಳೆಯುವ ಸೆನ್ಸರ್ ಕೆಲವು ಕಾರುಗಳಲ್ಲಿ ಇರುತ್ತೆ, ನಿಜ. ನನ್ನದರಲ್ಲಿ ಇಲ್ಲ.

ನಂಬಿಕೆ ಬರಲಿಲ್ಲವಾ? ಅವತ್ತು ನಾನಿನ್ನೂ ಕಾರಿನೊಳಗೆ ಕೂತು ಡ್ಯಾಶ್‌ಬೋರ್ಡ್‌ನಿಂದ ಕಾಗದಪತ್ರ ತೆಗೀತಿದ್ದೆ. ನಿಮ್ಮ ಹುಡುಗ ಬಾಗಿಲಿಂದ ಬಗ್ಗಿ ಕೀ ಆನ್ ಮಾಡಿ, ಬಟನ್ ಒತ್ತಿ ಹಿಡಿದ. 12 ಇದ್ದದ್ದು ನಾಲ್ಕು ಸಲ ಮಿನುಗಿ 100 ಆಯಿತು. ಹಳೇ ಆಯಿಲ್ ಇಳಿಸೋ ಡ್ರೈನ್ ಬೋಲ್ಟ್ ಇನ್ನೂ ಬಿಚ್ಚಿರಲಿಲ್ಲ, ಕರ್ರಗಾದ ಹಳೇ ಆಯಿಲ್ ಅಲ್ಲೇ ಇತ್ತು! ಅದಕ್ಕೂ 100 ಮಾರ್ಕ್ಸ್.

ಈಗ ನನ್ನ ತಲೆಬಿಸಿ ಏನಂದರೆ, ಮಿನರಲ್ ಆಯಿಲ್ ಬಿಸಿಗೆ ಬೇಗ ಕೆಡುತ್ತೆ, ಆದರೆ ಪರದೆ ಮೇಲಿನ ಅಂಕಿ ಸಿಂಥೆಟಿಕ್ ಇದ್ದ ಹಾಗೇ ನಿಧಾನಕ್ಕೆ ಇಳೀತಾ ಹೋಗುತ್ತೆ. ಜೊತೆಗೆ ಇದು ದಪ್ಪ ಆಯಿಲ್. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮೇಲಿನ ಭಾಗಗಳಿಗೆ ತಲುಪೋಕೆ ಜಾಸ್ತಿ ಹೊತ್ತು ಬೇಕು, ಮೈಲೇಜೂ ಕಮ್ಮಿ. ನಾನು ದಿನಾ ಓಡಿಸೋದು ನಾಲ್ಕೈದು ಕಿಲೋಮೀಟರ್. ಅಷ್ಟರಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗಲ್ಲ, ಅದರಲ್ಲಿ ಸೇರಿದ ನೀರಿನ ಅಂಶ, ಪೆಟ್ರೋಲು ಆವಿಯಾಗಿ ಹೋಗೋದೂ ಇಲ್ಲ. ಅಂದಹಾಗೆ ಆಯಿಲ್ ಮಟ್ಟ ಎಷ್ಟಿದೆ ಅಂತಲೂ ಈ ಪರ್ಸೆಂಟ್ ಹೇಳಲ್ಲ, ಅದಕ್ಕೆ ಇಂಜಿನ್ನಿಗೆ ಇಳಿಬಿಟ್ಟು ನೋಡೋ ಅಳತೆ ಕಡ್ಡಿ, ಡಿಪ್‌ಸ್ಟಿಕ್ಕೇ ಗತಿ. ಇದನ್ನೂ ನಿಮ್ಮವರಿಗೆ ನಾನೇ ಹೇಳಬೇಕಾಯಿತು.

ಹಾಕಿರುವ ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಜೊತೆ 0ಡಬ್ಲ್ಯೂ-20 ಸಿಂಥೆಟಿಕ್ ತುಂಬಿಸಿಕೊಡಿ, ನನ್ನಿಂದ ದುಡ್ಡು ಕೇಳದೆ. ಡಬ್ಬಿಯನ್ನು ನನ್ನ ಎದುರಿಗೇ ಒಡೆಯಿರಿ. ತಪ್ಪು ಆಯಿಲ್ ಹಾಕಿದ್ದು ನೀವೇ ಅಂತ ಸರ್ವಿಸ್ ದಾಖಲೆಯಲ್ಲಿ ಬರೆದುಕೊಡಿ, ನಾಳೆ ಇಂಜಿನ್‌ಗೆ ಏನಾದರೂ ಆದರೆ ವಾರಂಟಿ ವಿಷಯದಲ್ಲಿ ನಾನು ಅಲೆಯೋಕೆ ತಯಾರಿಲ್ಲ.

ಬಿಲ್ ಮತ್ತು ಮ್ಯಾನುಯಲ್ ಪುಟದ ಫೋಟೋ ಲಗತ್ತಿಸಿದ್ದೇನೆ. ಒಂದು ವಾರದೊಳಗೆ ಉತ್ತರ ಕೊಡಿ. ಅಲ್ಲಿವರೆಗೆ ಕಾರು ಹೊರಗೆ ತೆಗೆಯಲ್ಲ. ಪರದೆಯಲ್ಲಿ ಈಗ 94 ಇದೆ.

ಇಂತಿ,
ನಿಮ್ಮ ಗ್ರಾಹಕ